ದಾರಿಯಲ್ಲೇ ರಾಜಿ ಬೇಡ: ಅಪಘಾತವಾದಾಗ ಚಾಲಕನ ಹೊಣೆ, ನಿಮ್ಮ ಹಕ್ಕು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಗರ್ಭ ಕಟ್ಟದ ಹಸು, ಕರುಗಳ ಜಂತುಹುಳು ಇಂಥ ವಿಷಯ ಬರೆಯುತ್ತೇವೆ. ಈ ಸಲ ರಸ್ತೆಯ ವಿಷಯ ಬರೆಯುತ್ತಿದ್ದೇನೆ. ಕಾರಣ ಇದೆ. ಬೆಳಕು ಹರಿಯುವ ಮೊದಲು ಕ್ಯಾನು ಹಿಡಿದು ಡೇರಿಗೆ ಹೊರಡುವವರು ನೀವು. ಸಂಜೆ ಹಸು ಹೊಡೆದುಕೊಂಡು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಮನೆಗೆ ಬರುವವರೂ ನೀವೇ. ಎರಡೂ ಮಬ್ಬುಗತ್ತಲ ಹೊತ್ತು. ಊರ ಮುಂದಿನ ಮಣ್ಣಿನ ರಸ್ತೆಗೆ ಡಾಂಬರು ಬಿದ್ದು, ಡಾಂಬರು ರಸ್ತೆ ಹೆದ್ದಾರಿಯಾಗಿ, ವಾಹನಗಳ ವೇಗ ಹೆಚ್ಚಿದೆ. ನಮ್ಮ ನಡಿಗೆ ಮಾತ್ರ ಅಂದಿನಷ್ಟೇ.

ನನ್ನ ಓದು ಪಶುವೈದ್ಯ, ಕಾನೂನಲ್ಲ. ಆದರೆ ವಾಹನ ಬಡಿದು ಹಸು ಸತ್ತಾಗ ಮರಣೋತ್ತರ ಪರೀಕ್ಷೆಯ ವರದಿಗೆ ಸಹಿ ಹಾಕುವವರು ಪಶುವೈದ್ಯರೇ. ಹಾಗೆ ಹೋದ ಕಡೆ ಸಾಮಾನ್ಯವಾಗಿ ಕಾಣುವ ನೋಟ ಒಂದೇ. ನಾವು ತಲುಪುವ ಹೊತ್ತಿಗೆ ನಾಲ್ಕು ಜನ ಸೇರಿ ಮಾತು ಮುಗಿಸಿರುತ್ತಾರೆ, ಚಾಲಕ ಐದೋ ಹತ್ತೋ ಸಾವಿರ ಕೊಟ್ಟು ಗಾಡಿ ಹತ್ತಿರುತ್ತಾನೆ, ಹಸುವಿನ ಒಡತಿ ದುಡ್ಡು ಕೈಯಲ್ಲಿ ಹಿಡಿದು ಅಳುತ್ತಾ ನಿಂತಿರುತ್ತಾಳೆ. ಗಾಡಿ ನಂಬರ್ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ದಿನಕ್ಕೆ ಹನ್ನೆರಡು ಲೀಟರ್ ಕರೆಯುವ ಹಸುವಿನ ಬೆಲೆ ಹತ್ತು ಸಾವಿರವೇ? ಕಾನೂನು ನಿಮಗೆ ಏನು ಕೊಡುತ್ತದೆ, ಅದನ್ನು ಪಡೆಯಲು ಮೊದಲ ದಿನ ಏನು ಮಾಡಬೇಕು ಎಂಬುದು ಗೊತ್ತಿದ್ದರೆ ಹೀಗಾಗುವುದಿಲ್ಲ.

ಶಿಕ್ಷೆ ಬೇರೆ, ಪರಿಹಾರ ಬೇರೆ

ಇದೊಂದು ಮಾತು ನೆನಪಿದ್ದರೆ ಉಳಿದದ್ದೆಲ್ಲ ಸುಲಭ. ಅಪಘಾತವಾದ ಮೇಲೆ ಎರಡು ಪ್ರಕರಣಗಳು ನಡೆಯುತ್ತವೆ. ಒಂದು ಪೊಲೀಸರದು. ಅದು ಚಾಲಕನ ತಪ್ಪಿಗೆ ಶಿಕ್ಷೆ ಕೊಡಿಸಲು. ಇನ್ನೊಂದು ಪರಿಹಾರದ್ದು. ಅದು ನಿಮ್ಮ ನಷ್ಟ ತುಂಬಿಕೊಡಲು. ಇದನ್ನು ವಿಚಾರಿಸುವುದು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ. ಅದು ನಿಮ್ಮ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲೇ ನಡೆಯುತ್ತದೆ.

ಪರಿಹಾರದ ಹಣ ಚಾಲಕನ ಜೇಬಿನಿಂದಲೇ ಬರಬೇಕೆಂದಿಲ್ಲ. ಚಾಲಕ, ವಾಹನದ ಮಾಲೀಕ, ವಿಮಾ ಕಂಪನಿ ಮೂವರನ್ನೂ ಹೊಣೆ ಮಾಡಬಹುದು. ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ಇದಕ್ಕಾಗಿ. ಆದ್ದರಿಂದ "ಡ್ರೈವರ್ ಬಡವ, ಅವನ ಹತ್ತಿರ ಏನಿದೆ, ಬಿಟ್ಟುಬಿಡಿ" ಎಂಬ ಮಾತಿಗೆ ಕರಗಿ ಕೇಸು ಬಿಡಬೇಡಿ. ಹಾಗೆಯೇ ಕ್ರಿಮಿನಲ್ ಕೇಸಿನಲ್ಲಿ ಚಾಲಕ ಬಿಡುಗಡೆಯಾದ ಎಂಬ ಒಂದೇ ಕಾರಣಕ್ಕೆ ನಿಮ್ಮ ಪರಿಹಾರ ಹೋಗುವುದಿಲ್ಲ. ಶಿಕ್ಷೆಗೆ ಬೇಕಾಗುವಷ್ಟು ಗಟ್ಟಿ ಸಾಕ್ಷ್ಯ ಪರಿಹಾರಕ್ಕೆ ಬೇಕಾಗಿಲ್ಲ.

ಚಾಲಕನಿಗೆ ಶಿಕ್ಷೆ ಏನು?

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಂತೆ:

• ಜನರ ಜೀವಕ್ಕೆ ಅಪಾಯವಾಗುವಂತೆ ಅತಿವೇಗ, ಅಜಾಗರೂಕತೆಯಿಂದ ವಾಹನ ಓಡಿಸಿದರೆ (ಕಲಂ 281) 6 ತಿಂಗಳವರೆಗೆ ಜೈಲು ಅಥವಾ 1,000 ರೂ.ವರೆಗೆ ದಂಡ, ಅಥವಾ ಎರಡೂ.
• ಅದರಿಂದ ಯಾರಿಗಾದರೂ ಗಾಯವಾದರೆ (ಕಲಂ 125) 6 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ಮೂಳೆ ಮುರಿತದಂಥ ತೀವ್ರ ಗಾಯವಾದರೆ 3 ವರ್ಷದವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ, ಅಥವಾ ಎರಡೂ.
• ಜೀವ ಹೋದರೆ (ಕಲಂ 106) 5 ವರ್ಷದವರೆಗೆ ಜೈಲು ಮತ್ತು ದಂಡ. ಹಳೆಯ ಕಾನೂನಿನಲ್ಲಿ ಇದು 2 ವರ್ಷದವರೆಗೆ ಇತ್ತು.

ಗುದ್ದಿ ಓಡಿಹೋದರೆ 10 ವರ್ಷ ಜೈಲು ಎಂದು ಟಿ.ವಿ.ಯಲ್ಲಿ ನೀವು ಕೇಳಿರಬಹುದು. ಆ ಉಪಕಲಂ ಪುಸ್ತಕದಲ್ಲಿದೆ. ಆದರೆ ಲಾರಿ ಚಾಲಕರ ಮುಷ್ಕರದ ನಂತರ ಕೇಂದ್ರ ಸರ್ಕಾರ ಅದನ್ನು ಜಾರಿಗೆ ತರದೆ ಬದಿಗಿಟ್ಟಿದೆ. ಹಾಗೆಂದು ಓಡಿಹೋದವನಿಗೆ ಏನೂ ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಪ್ರಯತ್ನಿಸಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ತಪ್ಪಿದರೆ ಅದಕ್ಕೇ ಬೇರೆಯಾಗಿ 6 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ ಇದೆ. ಕುಡಿದು ಓಡಿಸಿದ್ದರೆ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ, ಅಥವಾ ಎರಡೂ.

ಇಲ್ಲಿ ಒಂದು ಕಿವಿಮಾತು. ಸಿಟ್ಟಿನಲ್ಲಿ ಚಾಲಕನ ಮೇಲೆ ಕೈ ಮಾಡಲು ಯಾರಿಗೂ ಬಿಡಬೇಡಿ. ಜನ ಹೊಡೆಯುತ್ತಾರೆಂಬ ಭಯದಿಂದ ಸ್ಥಳ ಬಿಟ್ಟೆ ಎನ್ನಲು ಕಾನೂನೇ ಅವನಿಗೆ ಅವಕಾಶ ಕೊಟ್ಟಿದೆ. ನಮ್ಮವರು ಹೊಡೆದರೆ ನಮ್ಮವರ ಮೇಲೂ ಕೇಸು ಬೀಳುತ್ತದೆ. ಬೈಗುಳಕ್ಕಿಂತ ಗಾಡಿಯ ಒಂದು ಫೋಟೋ ಮೇಲು.

ಹಸುವಿಗೆ ಡಿಕ್ಕಿಯಾದರೆ

ಮೇಲೆ ಹೇಳಿದ 106 ಮತ್ತು 125ನೇ ಕಲಂಗಳು ಮನುಷ್ಯರಿಗೆ ಸಂಬಂಧಿಸಿದವು. ಬೇಕೆಂದೇ ಹಸುವನ್ನು ಕೊಂದರೆ ಅಥವಾ ಅಂಗ ಊನ ಮಾಡಿದರೆ 5 ವರ್ಷದವರೆಗೆ ಜೈಲು ವಿಧಿಸುವ ಕಲಂ (325) ಬೇರೆ ಇದೆ. ಆದರೆ ಅಪಘಾತದಲ್ಲಿ ಉದ್ದೇಶ ಇರುವುದಿಲ್ಲವಾದ್ದರಿಂದ ಅದು ಸುಲಭವಾಗಿ ಅನ್ವಯಿಸದು. ಪೊಲೀಸರು ಸಾಮಾನ್ಯವಾಗಿ ಅಜಾಗರೂಕ ಚಾಲನೆಯ ಕೇಸು ದಾಖಲಿಸುತ್ತಾರೆ. ಶಿಕ್ಷೆ ಸಣ್ಣದೇ ಇರಬಹುದು. ಆದರೂ ಎಫ್‌ಐಆರ್ ಬೇಕೇ ಬೇಕು. ಏಕೆಂದರೆ ಕಾನೂನಿನ ಕಣ್ಣಿನಲ್ಲಿ ಹಸು ನಿಮ್ಮ ಆಸ್ತಿ, ಆಸ್ತಿ ನಷ್ಟಕ್ಕೂ ಅದೇ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ವಿಮಾ ಕಂಪನಿ ಪಾಲಿಸಿಯ ಮಿತಿಯವರೆಗೆ ಕೊಡುತ್ತದೆ, ಮಿಕ್ಕದ್ದಕ್ಕೆ ವಾಹನದ ಮಾಲೀಕ ಹೊಣೆ.

ಹಸುವಿಗೆ ಇನ್ನೂ ಜೀವವಿದ್ದರೆ ಮೊದಲು ಅದನ್ನು ನೋಡಿ. ಹಗ್ಗ ಕಟ್ಟಿ ಎಳೆಯಬೇಡಿ, ಮುರಿದ ಮೂಳೆ ಒಳಗೆ ಇನ್ನಷ್ಟು ಕೊಯ್ಯುತ್ತದೆ. ಮಲಗಿರುವ ಹಸುವಿನ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಪೂರ್ತಿ ಪಕ್ಕಕ್ಕೆ ಬಿದ್ದಿದ್ದರೆ, ಬೆನ್ನು ಕಾಲಿಗೆ ಪೆಟ್ಟಾದಂತೆ ಕಾಣದಿದ್ದರೆ ಮಾತ್ರ, ಎದೆಯ ಮೇಲೆ ಕೂರುವಂತೆ ಮೆಲ್ಲಗೆ ಹೊರಳಿಸಿ ಗೋಣಿಚೀಲದ ಒರಗು ಕೊಡಿ. ಪಶು ಸಂಜೀವಿನಿ ವಾಹನಕ್ಕೆ 1962, ಪೊಲೀಸರಿಗೆ 112. ಎರಡೂ ಉಚಿತ ಕರೆ. ಚಿಕಿತ್ಸೆ ಕೊಟ್ಟ ವೈದ್ಯರಿಂದ ಗಾಯದ ಪ್ರಮಾಣಪತ್ರ, ಔಷಧಿಯ ರಸೀದಿ ಪಡೆದು ಇಟ್ಟುಕೊಳ್ಳಿ.

ಹಸು ಸತ್ತರೆ, ದುಃಖದಲ್ಲಿ ಅವಸರಪಟ್ಟು ಹೂಳಬೇಡಿ. ಮರಣೋತ್ತರ ಪರೀಕ್ಷೆ ಆಗಲೇಬೇಕು, ಅದೂ ಬೇಗ ಆಗಬೇಕು. ದನದ ಹೊಟ್ಟೆ ಕೆಲವೇ ಗಂಟೆಗಳಲ್ಲಿ ಉಬ್ಬಿ, ಒಳಗಿನ ಅಂಗಗಳು ಕೊಳೆಯಲು ಶುರುವಾಗುತ್ತವೆ. ಚರ್ಮದಡಿಯ ರಕ್ತ ಹೆಪ್ಪು, ಒಡೆದ ಯಕೃತ್ತು, ಹೊಟ್ಟೆಯೊಳಗೆ ತುಂಬಿದ ರಕ್ತ, ಮುರಿದ ಪಕ್ಕೆಲುಬು ಇವನ್ನು ನೋಡಿ, ಹಸು ಜೀವಂತ ಇದ್ದಾಗಲೇ ಬಲವಾದ ಪೆಟ್ಟು ಬಿದ್ದು ಸತ್ತಿದೆ ಎಂದು ನಾವು ಬರೆಯಬಲ್ಲೆವು. ಮಾರನೆಯ ದಿನ ಸಂಜೆ ಕರೆದರೆ ಅಷ್ಟು ಖಚಿತವಾಗಿ ಬರೆಯುವುದು ಕಷ್ಟ. ತಳಿ, ವಯಸ್ಸು, ಎಷ್ಟನೆಯ ಸೂಲು, ದಿನದ ಹಾಲು, ಗಬ್ಬವಾಗಿತ್ತೇ, ಎಷ್ಟು ತಿಂಗಳು, ಮಾರುಕಟ್ಟೆ ಬೆಲೆ ಎಷ್ಟು ಎಂಬುದೆಲ್ಲ ದಾಖಲೆಗೆ ಬರಲಿ. ಬಿಟ್ಟುಹೋಗಿದ್ದರೆ ಸಂಕೋಚ ಬೇಡ, ವೈದ್ಯರನ್ನು ಕೇಳಿ.

ಕಿವಿಯೋಲೆಯನ್ನು ಕೀಳಬೇಡಿ. ಅದರ ಹನ್ನೆರಡು ಅಂಕಿಯೇ ಆ ಹಸು ನಿಮ್ಮದೆಂಬ ಗುರುತು. ಓಲೆ ಕಾಣುವಂತೆ ಒಂದು, ಹಸು ಮತ್ತು ರಸ್ತೆ ಎರಡೂ ಕಾಣುವಂತೆ ಒಂದು, ಗಾಡಿಯ ನಂಬರ್ ಕಾಣುವಂತೆ ಒಂದು, ಹೀಗೆ ಮೂರು ಫೋಟೋ ಆದರೂ ತೆಗೆಸಿ. ಹಸುವಿಗೆ ವಿಮೆ ಮಾಡಿಸಿದ್ದರೆ ಅದೇ ದಿನ ಸಂಘದ ಕಾರ್ಯದರ್ಶಿಗೂ ವಿಮಾ ಕಂಪನಿಗೂ ತಿಳಿಸಿ.

ಮನುಷ್ಯರಿಗೆ ಪೆಟ್ಟಾದರೆ

ಮೊದಲು 108. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸರು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ನೆರವಾದವರಿಗೆ ಕಾಯ್ದೆ ರಕ್ಷಣೆ ಕೊಟ್ಟಿದೆ. ಹೆಸರು, ವಿಳಾಸ ಕೊಡಲೇಬೇಕೆಂದು ಅವರನ್ನು ಬಲವಂತ ಮಾಡುವಂತಿಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ಹಣ ಕಟ್ಟಬೇಕಾಗಿಲ್ಲ. ದುಡ್ಡಿಲ್ಲವೆಂದು ಆಸ್ಪತ್ರೆ ಬಾಗಿಲಲ್ಲಿ ನಿಲ್ಲಬೇಡಿ, ಈ ಯೋಜನೆಯ ಬಗ್ಗೆ ಕೇಳಿ.

ವೈದ್ಯರ ಮುಂದೆ "ಬಿದ್ದು ಏಟಾಯ್ತು" ಎನ್ನಬೇಡಿ. ಇಂಥ ವಾಹನ ಗುದ್ದಿತು ಎಂದು ಸ್ಪಷ್ಟವಾಗಿ ಹೇಳಿ. ಆಸ್ಪತ್ರೆಯ ಪುಸ್ತಕದಲ್ಲಿ ಮೊದಲು ಬರೆದ ಸಾಲು ಮುಂದೆ ಪರಿಹಾರದ ಕೇಸಿಗೆ ಬುನಾದಿ. ಬಿಲ್ಲು, ಎಕ್ಸ್‌ರೇ, ಬಾಡಿಗೆ ಕಾರಿನ ರಸೀದಿ ಎಲ್ಲ ಒಂದೇ ಚೀಲದಲ್ಲಿ ಹಾಕಿಡಿ.

ಚಾಲಕನ ತಪ್ಪು ಸಾಬೀತು ಮಾಡದೆಯೇ ಕೇಳಬಹುದಾದ ನಿಗದಿತ ಪರಿಹಾರವೂ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂ. ತಪ್ಪು ತೋರಿಸಿ ಪೂರ್ತಿ ನಷ್ಟ ಕೇಳುವುದು ಇನ್ನೊಂದು ದಾರಿ. ಯಾವುದು ನಿಮಗೆ ಮೇಲು ಎಂಬುದನ್ನು ವಕೀಲರ ಹತ್ತಿರ ಕೇಳಿ ತೀರ್ಮಾನಿಸಿ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಸಿಗುತ್ತದೆ. ಅದಕ್ಕೆ ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಗೆ ಅರ್ಜಿ ಕೊಡಬೇಕು, ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ಇದು ಮನುಷ್ಯರಿಗೆ ಮಾತ್ರ, ದನಕರುಗಳಿಗಿಲ್ಲ. ಹಸುವಿನ ವಿಷಯದಲ್ಲಿ ಗಾಡಿ ನಂಬರ್ ಸಿಗದಿದ್ದರೆ ದಾರಿ ಬಹುಮಟ್ಟಿಗೆ ಮುಚ್ಚಿದಂತೆ.

ನ್ಯಾಯಮಂಡಳಿಗೆ ಅರ್ಜಿ ಕೊಡಲು ಕಾಯ್ದೆ ಇಟ್ಟಿರುವ ಗಡುವು ಅಪಘಾತದ ದಿನದಿಂದ 6 ತಿಂಗಳು. ತಿಥಿ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ. ಈಗಾಗಲೇ ತಡವಾಗಿದ್ದರೂ ಕೈ ಚೆಲ್ಲದೆ ವಕೀಲರನ್ನು ಕಾಣಿ. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಸಿನ ಚಿಂತೆಯೇ? 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ನಿಮ್ಮ ಹೆಸರಿನ ಪಾಸ್ ಪುಸ್ತಕದ ಬೆಲೆ

ಇದು ನಮ್ಮ ಸಂಘಗಳಿಗೇ ಸಂಬಂಧಿಸಿದ ಮಾತು. ಸಾವಿನ ಪರಿಹಾರವನ್ನು ನ್ಯಾಯಮಂಡಳಿ ಲೆಕ್ಕ ಹಾಕುವುದು ವ್ಯಕ್ತಿಯ ಆದಾಯದ ಮೇಲೆ. ಒಬ್ಬ ಹೆಣ್ಣುಮಗಳು ತೀರಿಕೊಂಡರೆ ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆ: "ಆಕೆ ಮನೆಯಲ್ಲಿದ್ದವರಲ್ಲವೇ? ಆದಾಯಕ್ಕೆ ದಾಖಲೆ ಎಲ್ಲಿ?" ಮನೆಗೆಲಸಕ್ಕೂ ಬೆಲೆ ಇದೆ, ಅದನ್ನು ಹಣದಲ್ಲಿ ಎಣಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2001ರಿಂದ ಈಚೆಗೆ ಹಲವು ತೀರ್ಪುಗಳಲ್ಲಿ ಹೇಳಿದೆ. ಆದರೂ ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ತನ್ನದೇ ಅಂದಾಜಿಗೆ ಇಳಿಯುತ್ತದೆ.

ಲೆಕ್ಕ ಹೀಗೆ. 38 ವರ್ಷದ ಒಬ್ಬ ಉತ್ಪಾದಕಿ ಎಂದುಕೊಳ್ಳಿ, ಮನೆಯಲ್ಲಿ ಆಕೆಯನ್ನು ನಂಬಿದವರು ನಾಲ್ಕು ಜನ. ತಿಂಗಳಿಗೆ 15,000 ರೂ. ಆದಾಯವನ್ನು ನ್ಯಾಯಮಂಡಳಿ ಒಪ್ಪಿತೆನ್ನಿ. 40 ವರ್ಷದೊಳಗಿನ ಸ್ವಂತ ಕಸುಬಿನವರಿಗೆ ಮುಂದಿನ ಏಳಿಗೆಗೆಂದು ಶೇ. 40 ಸೇರಿಸುತ್ತಾರೆ: 21,000. ಆಕೆಯ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯುತ್ತಾರೆ: 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 15. ಒಟ್ಟು 28,35,000 ರೂ. ದಾಖಲೆ ಇಲ್ಲದೆ ಆದಾಯವನ್ನು 10,000 ಎಂದೇ ಹಿಡಿದರೆ ಅದೇ ಲೆಕ್ಕಕ್ಕೆ 18,90,000 ರೂ. ಮಕ್ಕಳಿಗೆ ಒಂಬತ್ತು ಲಕ್ಷಕ್ಕೂ ಮಿಕ್ಕಿ ಕಡಿಮೆ.

ಹಸು ಕೊಟ್ಟಿಗೆಯಲ್ಲೇ ಇದೆಯಲ್ಲ, ನಷ್ಟ ಎಲ್ಲಿ ಎಂದೂ ಎದುರು ವಕೀಲರು ವಾದಿಸಬಹುದು. ಹುಲ್ಲು ಕೊಯ್ದವರು, ಸಗಣಿ ಬಾಚಿದವರು, ಎರಡು ಹೊತ್ತು ಕರೆದು ಡೇರಿಗೆ ಹಾಕಿದವರು ಆಕೆಯೇ ಎಂದು ತೋರಿಸಬೇಕು. ತೋರಿಸುವುದು ಯಾವುದರಿಂದ? ಆಕೆಯ ಹೆಸರಿನ ಸದಸ್ಯತ್ವ, ಆಕೆಯ ಹೆಸರಿನ ಹಾಲಿನ ಪಾಸ್ ಪುಸ್ತಕ, ಆಕೆಯ ಬ್ಯಾಂಕ್ ಖಾತೆಗೆ ಬಿದ್ದ ಬಟವಾಡೆ ಮತ್ತು ಸರ್ಕಾರದ ಪ್ರೋತ್ಸಾಹಧನ. ಎಷ್ಟೋ ಮನೆಗಳಲ್ಲಿ ದುಡಿಮೆ ಆಕೆಯದು, ಪುಸ್ತಕ ಗಂಡನದು ಅಥವಾ ಮಾವನದು. ಬದುಕಿರುವಾಗಲೂ ಇದು ಸರಿಯಲ್ಲ, ಆಪತ್ತಿನಲ್ಲಂತೂ ಮಕ್ಕಳಿಗೆ ನೇರ ನಷ್ಟ. ಕೈಕಾಲು ಮುರಿದು ಆರು ತಿಂಗಳು ಮಲಗಿದಾಗ ಕಳೆದುಹೋದ ದುಡಿಮೆಗೂ ಇದೇ ಪುಸ್ತಕ ಸಾಕ್ಷಿ.

ಗಾಡಿ ನಮ್ಮದೇ ಆಗಿದ್ದರೆ

ಇದುವರೆಗೆ ಬೇರೆಯವರ ಗಾಡಿ ನಮಗೆ ಗುದ್ದಿದ್ದು. ಕ್ಯಾನು ಕಟ್ಟಿಕೊಂಡು ಹೊರಟ ನಮ್ಮ ಬೈಕು ಬೇರೆಯವರಿಗೆ ಗುದ್ದಿದರೆ? ಅದೇ ಕಾನೂನು ನಮ್ಮ ಮನೆ ಬಾಗಿಲಿಗೆ ಬರುತ್ತದೆ.

ಹೈಸ್ಕೂಲು ಹುಡುಗನ ಕೈಗೆ ಸ್ಕೂಟರ್ ಕೊಟ್ಟು "ಹಾಲು ಹಾಕಿ ಬಾ ಮಗಾ" ಎನ್ನುವುದು ನಮ್ಮಲ್ಲಿ ಮಾಮೂಲು. 18 ತುಂಬದ ಮಕ್ಕಳು ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಸ್ಕೂಟರ್ ನಿಮ್ಮ ಹೆಸರಿನಲ್ಲಿದ್ದರೆ ಮಾಲೀಕರು ನೀವೇ. ಲೈಸೆನ್ಸ್ ಇಲ್ಲದ ದೊಡ್ಡವರಿಗೆ ಗಾಡಿ ಕೊಟ್ಟರೂ ಕೊಟ್ಟವರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂ. ದಂಡ, ಅಥವಾ ಎರಡೂ.

ದಂಡಕ್ಕಿಂತ ಭಾರವಾದದ್ದು ಪರಿಹಾರದ ಹೊಣೆ. ವಿಮೆ ಮುಗಿದುಹೋಗಿದ್ದರೆ ಲಕ್ಷಗಟ್ಟಲೆ ಹಣವನ್ನು ಮಾಲೀಕರೇ ಕಟ್ಟಬೇಕು. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ, ವಿಮಾ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡುವಂತೆ ಆದೇಶವಾಗುವುದುಂಟು. ಆಗ ಹೋಗುವುದು ಹಸು, ಹೊಲ. ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಜನರನ್ನು ಕೂರಿಸಿಕೊಂಡು ಹೋದಾಗಲೂ ವಿಮಾ ಕಂಪನಿ ಕೈ ತೊಳೆದುಕೊಳ್ಳಲು ನೋಡುತ್ತದೆ.

ಮಾರಿದ ಬೈಕಿನದು ಇನ್ನೊಂದು ಕಥೆ. ದುಡ್ಡು ತೆಗೆದುಕೊಂಡು ಕೀ ಕೊಟ್ಟರೆ ಮಾರಾಟ ಮುಗಿಯಲಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮೂರು ವರ್ಷದ ಹಿಂದೆ ಮಾರಿದ ಗಾಡಿ ಇಂದು ಯಾರಿಗೋ ಗುದ್ದಿದರೆ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಹೆಸರು ಬದಲಾಗಿದೆಯೇ ಎಂದು ಇಂದೇ ವಿಚಾರಿಸಿ.

ರಸ್ತೆಗೆ ಹಸು ಬಿಡುವವರ ಹೊಣೆ

ತಪ್ಪು ಯಾವಾಗಲೂ ಚಾಲಕನದೇ ಎಂದು ಹೇಳಲಾಗದು. ಹಾಲು ಕರೆದ ಮೇಲೆ ಹಸುವನ್ನು ಹಾಗೇ ಬೀದಿಗೆ ಬಿಡುವುದು, ಕತ್ತಲಲ್ಲಿ ಹೆದ್ದಾರಿ ಬದಿಗೆ ಗೂಟ ಹೊಡೆದು ಕಟ್ಟುವುದು, ಒಬ್ಬರೇ ಹತ್ತು ದನ ಹೊಡೆದುಕೊಂಡು ರಸ್ತೆ ದಾಟುವುದು ಇವೆಲ್ಲ ನಮ್ಮ ಕಡೆಯ ಅಜಾಗರೂಕತೆ. ನ್ಯಾಯಮಂಡಳಿ ಎರಡೂ ಕಡೆಯ ತಪ್ಪನ್ನು ತೂಗಿ, ನಮ್ಮ ಪಾಲಿನಷ್ಟು ಪರಿಹಾರ ಕಡಿತ ಮಾಡುತ್ತದೆ. ಅಡ್ಡ ಬಂದ ಹಸುವಿಗೆ ಬಡಿದು ಬೈಕ್ ಸವಾರನ ಜೀವ ಹೋದರೆ ಹಸುವಿನ ಮಾಲೀಕರ ಮೇಲೂ ಪ್ರಕರಣ ಬರಬಹುದು. ಆ ಸವಾರನೂ ಒಂದು ಮನೆಯ ಮಗ.

ಆದ್ದರಿಂದ ಮಬ್ಬಿನಲ್ಲಿ ಹೊಳೆಯುವ ಪಟ್ಟಿಯನ್ನು ಹಸುವಿನ ಕೊರಳಿಗೂ ಕ್ಯಾನಿಗೂ ಸುತ್ತಿ. ದನ ದಾಟಿಸುವಾಗ ಮುಂದೊಬ್ಬರು ಹಿಂದೊಬ್ಬರು ಇರಿ. ಕೈಯಲ್ಲಿ ಟಾರ್ಚ್ ಇರಲಿ. ಖರ್ಚು ಹೆಚ್ಚೇನಲ್ಲ.

ಈ ವಾರ ಮಾಡಬೇಕಾದದ್ದು

• ಮನೆಯ ಪ್ರತಿ ಗಾಡಿಯ ವಿಮೆ ಎಂದಿಗೆ ಮುಗಿಯುತ್ತದೆ ನೋಡಿ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ.
• ಹಾಲಿನ ಪಾಸ್ ಪುಸ್ತಕ ಯಾರ ಹೆಸರಿನಲ್ಲಿದೆ ನೋಡಿ. ನಿಮ್ಮದಲ್ಲದಿದ್ದರೆ ಕಾರ್ಯದರ್ಶಿಯೊಡನೆ ಮಾತಾಡಿ.
• ಪ್ರತಿ ಹಸುವಿಗೂ ಓಲೆ ಇದೆಯೇ ನೋಡಿ. ಬಿದ್ದುಹೋಗಿದ್ದರೆ ನಮಗೆ ತಿಳಿಸಿ, ಹಾಕಿಕೊಡುತ್ತೇವೆ.
• 112, 108, 1962, 15100 ಈ ನಾಲ್ಕು ನಂಬರುಗಳನ್ನು ಮೊಬೈಲಿನಲ್ಲಿ ಹಾಕಿಕೊಳ್ಳಿ, ಕೊಟ್ಟಿಗೆಯ ಗೋಡೆಗೂ ಬರೆಯಿರಿ.

ಯಾರಾದರೂ ರಸ್ತೆಯಲ್ಲೇ "ಇಷ್ಟು ತಗೊಳ್ಳಿ, ಇಲ್ಲಿಗೆ ಮುಗಿಸೋಣ" ಎಂದು ಬಿಳಿ ಹಾಳೆ ಮುಂದೆ ಹಿಡಿದರೆ ಸಹಿಯನ್ನೂ ಹೆಬ್ಬೆಟ್ಟನ್ನೂ ಹಾಕಬೇಡಿ. ಅದೇ ಹಾಳೆಯನ್ನು ನಾಳೆ ನ್ಯಾಯಮಂಡಳಿಯಲ್ಲಿ ನಿಮ್ಮೆದುರೇ ಇಡುತ್ತಾರೆ. "ಮೊದಲು ಪೊಲೀಸರು ಬರಲಿ, ಡಾಕ್ಟರು ಬರಲಿ, ಆಮೇಲೆ ಮಾತು" ಎನ್ನಿ. ಹಾಗೆ ಹೇಳಿ ನಮ್ಮ ಶಿಬಿರ ಕಚೇರಿಗೆ ಒಂದು ಕರೆ ಮಾಡಿ, ನಾವು ಬರುತ್ತೇವೆ.